ನುಜ್ಜಾದ ಕಾರು, ಉಳಿದ ಜೀವ

ಹೆದ್ದಾರಿ ಬದಿಯಲ್ಲಿ ಅಪಘಾತವಾದ ಕಾರೊಂದು ನಿಂತಿದ್ದರೆ ಹತ್ತು ನಿಮಿಷದಲ್ಲಿ ಅದರ ಸುತ್ತ ಗುಂಪು ಸೇರುತ್ತದೆ. ಬಾನೆಟ್ ಮಡಚಿಕೊಂಡಿದೆ, ಬಂಪರ್ ಚೂರುಚೂರಾಗಿ ಡಾಂಬರಿನ ಮೇಲೆ ಬಿದ್ದಿದೆ, ರೇಡಿಯೇಟರಿನ ಹಸಿರು ನೀರು ರಸ್ತೆಯಂಚಿಗೆ ಹರಿದಿದೆ. ಗುಂಪಿನಲ್ಲಿದ್ದ ಒಬ್ಬರು ಬಾಗಿಲಿನ ತಗಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ‘ಈಗಿನ ಗಾಡಿಗಳೆಲ್ಲ ಬರೀ ಡಬ್ಬ. ಅಂಬಾಸಿಡರ್ ಆಗಿದ್ದರೆ ಏನೂ ಆಗ್ತಿರಲಿಲ್ಲ’ ಎನ್ನುತ್ತಾರೆ. ಉಳಿದವರು ಹೌದೆಂದು ತಲೆಯಾಡಿಸುತ್ತಾರೆ. ಕಾರಿನಲ್ಲಿದ್ದವರು ತಾವೇ ಬಾಗಿಲು ತೆರೆದು ಇಳಿದು, ಅಲ್ಲೇ ಮರದಡಿ ಕೂತು ಮನೆಗೆ ಫೋನ್ ಮಾಡುತ್ತಿರುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಹಳೆಯ ಕಾರು ಗಟ್ಟಿ, ಹೊಸದು ತೆಳು, ಹಾಗಾಗಿ ಹಳೆಯದೇ ಕ್ಷೇಮ ಎನ್ನುವುದು ಈ ಮಾತಿನ ಹಿಂದಿರುವ ತರ್ಕ. ಅದರ ಮೊದಲರ್ಧದಲ್ಲಿ ಸತ್ಯಾಂಶವಿದೆ. ಹೊರಮೈಯ ತಗಡು ನಿಜಕ್ಕೂ ತೆಳುವಾಗಿದೆ, ಬಂಪರು ಉಕ್ಕಿನಿಂದ ಪ್ಲಾಸ್ಟಿಕ್‌ಗೆ ಬದಲಾಗಿದೆ. ಆದರೆ ಉಳಿದರ್ಧ ತಪ್ಪು, ಅದೂ ಜೀವಕ್ಕೆ ಎರವಾಗುವಂಥ ತಪ್ಪು. ಡಿಕ್ಕಿಯಲ್ಲಿ ನೋಡಬೇಕಾದದ್ದು ಕಾರು ಎಷ್ಟು ಉಳಿಯಿತು ಎಂಬುದನ್ನಲ್ಲ, ಅದರೊಳಗೆ ಕೂತವರಿಗೆ ಎಷ್ಟು ಜಾಗ ಮತ್ತು ಎಷ್ಟು ಸಮಯ ಉಳಿಯಿತು ಎಂಬುದನ್ನು. ಈ ಲೆಕ್ಕವನ್ನು ಕಣ್ಣಾರೆ ಕಾಣುವಂತೆ ಮಾಡಿದ ಪರೀಕ್ಷೆಯೊಂದು ಅಮೆರಿಕದಲ್ಲಿ ನಡೆಯಿತು. ನಮ್ಮಲ್ಲಿ ಅಂಬಾಸಿಡರ್ ಬಗ್ಗೆ ಇರುವ ನಂಬಿಕೆಯೇ ಅಲ್ಲಿ 1950ರ ದಶಕದ ಭಾರೀ ಕಾರುಗಳ ಬಗ್ಗೆ ಇತ್ತು.

ವರ್ಜೀನಿಯಾದ ಡಿಕ್ಕಿ

ವಿಮಾ ಕಂಪನಿಗಳ ಹಣದಿಂದ ನಡೆಯುವ ಐಐಎಚ್‌ಎಸ್ ಎಂಬ ಹೆದ್ದಾರಿ ಸುರಕ್ಷತಾ ಸಂಸ್ಥೆ ಹುಟ್ಟಿದ್ದು 1959ರಲ್ಲಿ. 2009ರ ಸೆಪ್ಟೆಂಬರಿನಲ್ಲಿ ತನ್ನ ಐವತ್ತನೇ ವರ್ಷದ ನೆಪದಲ್ಲಿ ಅದು ವರ್ಜೀನಿಯಾದ ರಕರ್ಸ್‌ವಿಲ್‌ನಲ್ಲಿರುವ ತನ್ನ ಪ್ರಯೋಗಾಲಯದಲ್ಲಿ ಎರಡು ಕಾರುಗಳನ್ನು ಎದುರುಬದುರು ಓಡಿಸಿತು. ಒಂದು 1959ರ ಷೆವ್ರೊಲೆ ಬೆಲ್ ಏರ್, ಇನ್ನೊಂದು 2009ರ ಷೆವ್ರೊಲೆ ಮಾಲಿಬು. ಎರಡರದ್ದೂ ಒಂದೇ ಮನೆತನ, ತೂಕವೂ ಹೆಚ್ಚುಕಡಿಮೆ ಒಂದೇ. ಎರಡೂ ಗಂಟೆಗೆ 64 ಕಿ.ಮೀ. ವೇಗದಲ್ಲಿ ಬಂದವು. ಮೂತಿಗೆ ಮೂತಿ ಪೂರ್ತಿ ತಾಗದೆ ಚಾಲಕರ ಬದಿಯ ಭಾಗಗಳು ಮಾತ್ರ ಗುದ್ದಿಕೊಂಡವು. ಓವರ್‌ಟೇಕ್ ಮಾಡುವಾಗ ಎದುರಿನ ವಾಹನಕ್ಕೆ ಬಡಿಯುವ ಅಪಘಾತಗಳು ನಡೆಯುವುದು ಹೀಗೆಯೇ.

ನಿಧಾನಗತಿಯಲ್ಲಿ ಸೆರೆಹಿಡಿದ ಆ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ಉದ್ದನೆಯ ಮೂತಿ, ಹಿಂದೆ ಹಕ್ಕಿಯಂತೆ ರೆಕ್ಕೆ ಚಾಚಿದ ಬೆಲ್ ಏರ್ ನೋಡಲು ಎಷ್ಟು ಚೆಂದವೋ ಅದರ ಒಡಲು ಅಷ್ಟೇ ಅಸಹಾಯಕವಾಗಿತ್ತು. ಮುಂಗಾಜನ್ನು ಹಿಡಿದಿದ್ದ ಕಂಬ ಹಿಂದಕ್ಕೆ ಬಾಗಿತು, ಗಾಜು ಪೂರ್ತಿಯಾಗಿ ಕಿತ್ತುಹೋಯಿತು, ಚಾಲಕನ ಬದಿಯ ಬಾಗಿಲು ತೆರೆದುಕೊಂಡಿತು. ಸ್ಟೀರಿಂಗ್ ಮೇಲಕ್ಕೂ ಹಿಂದಕ್ಕೂ ನುಗ್ಗಿ ಬಂತು. ಚಾಲಕನ ಜಾಗದಲ್ಲಿ ಕೂರಿಸಿದ್ದ ಗೊಂಬೆಯ ತಲೆ ಮೊದಲು ಸ್ಟೀರಿಂಗ್‌ನ ಅಂಚಿಗೂ ನಡುಭಾಗಕ್ಕೂ ಬಡಿಯಿತು, ಆಮೇಲೆ ಚಾವಣಿಗೆ, ಮೆತ್ತೆಯೇ ಇಲ್ಲದ ಲೋಹದ ಡ್ಯಾಶ್‌ಬೋರ್ಡಿಗೆ. ಮುಂದಿನ ಸೀಟು ಒಂದು ಬದಿಯಲ್ಲಿ ನೆಲದಿಂದಲೇ ಕಿತ್ತುಬಂತು. ಅಲ್ಲಿ ಮನುಷ್ಯ ಇದ್ದಿದ್ದರೆ ಬದುಕುತ್ತಿರಲಿಲ್ಲ. ಮಾಲಿಬುವಿನ ಮೂತಿಯೂ ಗುರುತು ಸಿಗದಂತೆ ಮಡಚಿಕೊಂಡಿತ್ತು. ಆದರೆ ಬಾಗಿಲಿನಿಂದ ಹಿಂದಿನ ಭಾಗ, ಅಂದರೆ ಜನ ಕೂರುವ ಗೂಡು, ಬಹುಮಟ್ಟಿಗೆ ಹಾಗೆಯೇ ಇತ್ತು. ಏರ್‌ಬ್ಯಾಗ್ ತಲೆಯನ್ನು ಹಿಡಿದಿತ್ತು, ಬೆಲ್ಟ್ ಎದೆಯನ್ನು ತಡೆದಿತ್ತು. ಅದರ ಚಾಲಕನಿಗೆ ಆಗಬಹುದಾಗಿದ್ದದ್ದು ಕಾಲಿಗೊಂದು ಗಾಯ.

ಗಟ್ಟಿ ಇರಬೇಕಾದ್ದು ಯಾವುದು

ಎರಡೂ ಕಾರು 64ರಲ್ಲಿ ಬಂದರೆ ಪೆಟ್ಟು 128ರದ್ದು ಎಂದು ಅನೇಕರು ಭಾವಿಸುತ್ತಾರೆ. ಸಮಾನ ತೂಕದ ಕಾರುಗಳಲ್ಲಿ ಹಾಗಾಗುವುದಿಲ್ಲ. ಪ್ರತಿಯೊಂದೂ 64ರಿಂದ ಸೊನ್ನೆಗೆ ಇಳಿಯುವುದರಿಂದ ಪೆಟ್ಟು ಅದೇ ವೇಗದಲ್ಲಿ ಗೋಡೆಗೆ ಗುದ್ದಿದಷ್ಟೇ. ಆದರೆ ಅದೂ ಸಣ್ಣದಲ್ಲ. ಸುಮಾರು 16 ಮೀಟರ್ ಎತ್ತರದಿಂದ, ಅಂದರೆ ಐದಂತಸ್ತಿನ ಕಟ್ಟಡದ ಮೇಲಿಂದ ಬಿದ್ದವರು ನೆಲ ಮುಟ್ಟುವಾಗಿನ ವೇಗ ಅದು. ದೇಹದಲ್ಲಿ ತುಂಬಿಕೊಂಡಿರುವ ಆ ವೇಗವನ್ನು ಎಲ್ಲಿಯಾದರೂ ಇಳಿಸಲೇಬೇಕು. ಎಷ್ಟು ದೂರದಲ್ಲಿ ಇಳಿಸುತ್ತೇವೆ ಎನ್ನುವುದರ ಮೇಲೆ ಬದುಕು ನಿಂತಿದೆ. 60 ಸೆಂಟಿಮೀಟರ್ ದೂರದಲ್ಲಿ ನಿಂತರೆ ದೇಹದ ಮೇಲೆ ಸರಾಸರಿ ಗುರುತ್ವದ 27 ಪಟ್ಟು ಒತ್ತಡ ಬೀಳುತ್ತದೆ. ಅದು ಎದೆ ಮತ್ತು ಸೊಂಟದ ಎಲುಬುಗಳ ಮೇಲೆ ಹಂಚಿಹೋಗಿ, ಕಣ್ಣೆವೆ ಇಕ್ಕುವುದಕ್ಕಿಂತ ಕಡಿಮೆ ಸಮಯದಲ್ಲಿ ಮುಗಿದರೆ ಮನುಷ್ಯ ತಡೆದುಕೊಳ್ಳಬಲ್ಲ. ಅದೇ ತಲೆಯೊಂದು ಸ್ಟೀರಿಂಗ್‌ನ ಗುಬುಟಿಗೆ ಬಡಿದು 5 ಸೆಂಟಿಮೀಟರ್‌ನಲ್ಲಿ ನಿಂತರೆ ಒತ್ತಡ 320 ಪಟ್ಟು ಮೀರುತ್ತದೆ. ಅದನ್ನು ತಾಳುವ ತಲೆಬುರುಡೆ ಇಲ್ಲ.

ಆ 60 ಸೆಂಟಿಮೀಟರನ್ನು ಒದಗಿಸುವುದು ಕಾರಿನ ಮೂತಿ. ಅದು ಮಡಚಿಕೊಳ್ಳುತ್ತಾ ಹೋದಷ್ಟೂ ಹಿಂದಿರುವ ಗೂಡು ನಿಧಾನವಾಗಿ ನಿಲ್ಲುತ್ತದೆ. ಬೆಲ್ಟ್ ಇಲ್ಲದಿದ್ದರೆ ಈ ಲಾಭ ನಮಗೆ ದಕ್ಕುವುದೇ ಇಲ್ಲ. ಕಾರು ನಿಂತರೂ ದೇಹ 64ರ ವೇಗದಲ್ಲೇ ಮುಂದೆ ಹೋಗುತ್ತಿರುತ್ತದೆ, ಆಗಲೇ ನಿಂತುಬಿಟ್ಟ ಡ್ಯಾಶ್‌ಬೋರ್ಡಿಗೆ ಹೋಗಿ ಬಡಿಯುತ್ತದೆ. ಬೆಲ್ಟ್ ದೇಹವನ್ನು ಸೀಟಿಗೆ ಕಟ್ಟಿ, ಮೂತಿ ಮಡಚಿ ಗಳಿಸಿಕೊಟ್ಟ ದೂರವನ್ನು ನಮ್ಮದಾಗಿಸುತ್ತದೆ. ಹೀಗೆ ಮೂತಿ, ಬೆಲ್ಟ್, ಏರ್‌ಬ್ಯಾಗ್, ಗೂಡು ನಾಲ್ಕೂ ಸೇರಿ ಒಂದೇ ಕೆಲಸ ಮಾಡುತ್ತವೆ.

ಹೆಬ್ಬೆರಳಿನಿಂದ ಒತ್ತಿ ನೋಡುವವರಿಗೆ ಈ ಗೂಡು ಕಾಣುವುದಿಲ್ಲ. ಬಾಗಿಲಿನ ಹೊರತಗಡು ಒಂದು ಮಿಲಿಮೀಟರಿಗಿಂತ ತೆಳು, ನಿಜ. ಆದರೆ ಅದು ಮೈಯ ಹೊದಿಕೆಯಷ್ಟೇ. ಅದರೊಳಗೆ ಡಿಕ್ಕಿಯ ಹೊರೆ ಹೊರುವ ಅಡ್ಡಪಟ್ಟಿಗಳಿವೆ. ಬಾಗಿಲುಗಳ ನಡುವಿನ ಕಂಬಗಳನ್ನು ಅನೇಕ ಹೊಸ ಕಾರುಗಳಲ್ಲಿ ಕೆಂಪಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ, ಅಲ್ಲೇ ತಣಿಸಿದ ಬೋರಾನ್ ಉಕ್ಕಿನಿಂದ ಮಾಡಿರುತ್ತಾರೆ. ಸಾಮಾನ್ಯ ಉಕ್ಕಿಗಿಂತ ಅದು ನಾಲ್ಕೈದು ಪಟ್ಟು ಬಲಶಾಲಿ. ಬಾಗಬೇಕಾದ ಕಡೆ ಬಿಗಿಯಾಗಿ, ಬಿಗಿಯಾಗಿರಬೇಕಾದ ಕಡೆ ಬಾಗುವುದು ಹಳೆಯ ಕಾರಿನ ದೋಷ. ಹೊಸ ಕಾರು ಅದನ್ನು ತಿರುಗಿಸಿ ಹಾಕಿದೆ.

1959ರಲ್ಲೇ ಗೊತ್ತಿತ್ತು

1950ರ ದಶಕದವರಿಗೆ ಇದೆಲ್ಲ ಹೇಗೆ ತಿಳಿಯಬೇಕು ಎಂದು ಕೇಳಬಹುದು. ಬೇಸರದ ಸಂಗತಿಯೆಂದರೆ, ತಿಳಿದಿತ್ತು. ಮರ್ಸಿಡಿಸ್ ಬೆಂಜ್‌ನ ಎಂಜಿನಿಯರ್ ಬೇಲಾ ಬರೇನಿ ಮೂತಿ-ಬಾಲ ಮಡಚಿ ನಡುವಿನ ಗೂಡು ಉಳಿಯುವ ಕಾರಿನ ಕಲ್ಪನೆಗೆ 1951ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ಆ ತತ್ವದ ಮೇಲೆ ಕಟ್ಟಿದ ಮರ್ಸಿಡಿಸ್ ಕಾರು ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಅದೇ ವರ್ಷ ಸ್ವೀಡನ್ನಿನ ವೋಲ್ವೊ, ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುವಿನ ಬೆಲ್ಟನ್ನು ತನ್ನ ಕಾರುಗಳಿಗೆ ಅಳವಡಿಸಿತು. ಭುಜದಿಂದ ಸೊಂಟಕ್ಕೆ ಹಾದುಬರುವ, ಇಂದು ನಾವೆಲ್ಲ ಬಳಸುವ ಬೆಲ್ಟ್ ಅದು. ಬೋಲಿನ್ ಅದಕ್ಕೂ ಮುಂಚೆ ಯುದ್ಧವಿಮಾನಗಳ ಪೈಲಟ್‌ಗಳು ಹೊರಚಿಮ್ಮುವ ಸೀಟುಗಳ ಮೇಲೆ ಕೆಲಸ ಮಾಡಿದ್ದವರು. ತನ್ನ ಪೇಟೆಂಟನ್ನು ವೋಲ್ವೊ ಬೇರೆ ಕಂಪನಿಗಳ ಬಳಕೆಗೂ ತೆರೆದಿಟ್ಟಿತು. ವಾಹನೋದ್ಯಮದ ಇತಿಹಾಸದಲ್ಲಿ ಇದಕ್ಕಿಂತ ಉದಾರವಾದ ನಡೆ ಸಿಗುವುದು ಅಪರೂಪ. ಬೆಲ್ ಏರ್ ಕಾರ್ಖಾನೆಯಿಂದ ಹೊರಬಿದ್ದ ವರ್ಷವೂ 1959 ಎಂಬುದನ್ನು ನೆನೆದರೆ, ಆ ಕಾರಿನಲ್ಲಿ ಕೊರತೆಯಾಗಿದ್ದು ವಿಜ್ಞಾನ ಅಲ್ಲವೆಂದು ತಿಳಿಯುತ್ತದೆ.

ಅಮೆರಿಕದ ಕಂಪನಿಗಳು ತಾವಾಗಿ ಬದಲಾಗಲಿಲ್ಲ. ಕಾರುಗಳ ವಿನ್ಯಾಸವೇ ಜನರನ್ನು ಕೊಲ್ಲುತ್ತಿದೆ ಎಂದು ರಾಲ್ಫ್ ನೇಡರ್ 1965ರಲ್ಲಿ ಪುಸ್ತಕ ಬರೆದರು, ಸಂಸತ್ತಿನಲ್ಲಿ ವಿಚಾರಣೆಗಳು ನಡೆದವು. 1966ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದರು. 1968ರಿಂದ ಹೊಸ ಕಾರುಗಳಿಗೆ ಬೆಲ್ಟ್, ಪೆಟ್ಟಿಗೆ ಕುಸಿಯುವ ಸ್ಟೀರಿಂಗ್ ದಂಡದಂಥ ಸಾಧನಗಳು ಕಡ್ಡಾಯವಾದವು. ಆ ದೇಶದಲ್ಲಿ ಪ್ರತಿ 10 ಕೋಟಿ ಮೈಲಿ ವಾಹನ ಸಂಚಾರಕ್ಕೆ 1966ರಲ್ಲಿ ಸುಮಾರು 5.5 ಜನ ಸಾಯುತ್ತಿದ್ದರು. 2009ರ ಹೊತ್ತಿಗೆ ಅದು 1.1ರ ಆಸುಪಾಸಿಗೆ ಇಳಿದಿತ್ತು. ಉತ್ತಮ ರಸ್ತೆ, ಕುಡಿದು ಓಡಿಸುವವರ ಮೇಲಿನ ಕ್ರಮ, ಆಸ್ಪತ್ರೆಗಳ ಪಾಲೂ ಇದರಲ್ಲಿದೆ. ಕಾರಿನ ವಿನ್ಯಾಸದ ಪಾಲು ದೊಡ್ಡದು.

ಒಪ್ಪದವರ ವಾದ

ಬೆಲ್ ಏರ್ ಪರೀಕ್ಷೆ ಹೊರಬಿದ್ದ ಕೂಡಲೇ ಹಳೆಯ ಕಾರುಗಳ ಅಭಿಮಾನಿಗಳು ತಕರಾರು ತೆಗೆದರು. ಡಿಕ್ಕಿಯ ಹೊತ್ತಿಗೆ ಕಂದುಬಣ್ಣದ ದೂಳು ಎದ್ದಿತ್ತು. ಕಾರು ತುಕ್ಕು ಹಿಡಿದಿತ್ತು ಎಂದರು. ಎಂಜಿನ್ ತೆಗೆದಿಟ್ಟಿದ್ದರು ಎಂಬ ಆರೋಪವೂ ಬಂತು. ಎಂಜಿನ್ ಒಳಗೇ ಇತ್ತು, ಎದ್ದದ್ದು ವರ್ಷಗಟ್ಟಲೆ ಒಳಮೂಲೆಗಳಲ್ಲಿ ಕೂತ ರಸ್ತೆ ದೂಳು ಎಂದು ಸಂಸ್ಥೆ ಉತ್ತರಿಸಿತು. ಆ ಕಾಲದ ದೊಡ್ಡ ಷೆವ್ರೊಲೆಗಳ ಚಾಸಿಸ್ ಇಂಗ್ಲಿಷ್ ಎಕ್ಸ್ ಅಕ್ಷರದ ಆಕಾರದಲ್ಲಿತ್ತು, ಬದಿಗೆ ಬೀಳುವ ಪೆಟ್ಟಿಗೆ ಅದು ಆಸರೆ ಕೊಡುತ್ತಿರಲಿಲ್ಲ, ಬೇರೆ ಕಾರಾಗಿದ್ದರೆ ಇನ್ನಷ್ಟು ತಡೆಯುತ್ತಿತ್ತು ಎಂಬ ವಾದದಲ್ಲಿ ಹುರುಳಿದೆ. ಆದರೆ ಜನ ಗಟ್ಟಿಮುಟ್ಟೆಂದು ನಂಬಿ ಲಕ್ಷಗಟ್ಟಲೆ ಕೊಂಡದ್ದು ಆ ಕಾರನ್ನೇ.

ಒಂದೇ ಪರೀಕ್ಷೆಯನ್ನು ನೆಚ್ಚಿಕೊಳ್ಳುವ ಅಗತ್ಯವೂ ಇಲ್ಲ. 2017ರಲ್ಲಿ ಆಸ್ಟ್ರೇಲಿಯಾ-ನ್ಯೂಜಿಲೆಂಡ್‌ಗಳ ಎಎನ್‌ಸಿಎಪಿ ಸಂಸ್ಥೆ 1998ರ ಮತ್ತು 2015ರ ಟೊಯೋಟಾ ಕೊರೊಲಾಗಳನ್ನು ಪರಸ್ಪರ ಡಿಕ್ಕಿ ಹೊಡೆಸಿತು. 16 ಅಂಕಗಳಲ್ಲಿ ಹಳೆಯದಕ್ಕೆ ಸಿಕ್ಕಿದ್ದು 0.40, ಹೊಸದಕ್ಕೆ 12.93. ಎಕ್ಸ್ ಚಾಸಿಸ್ಸಿನ ಮಾತು ಅಲ್ಲಿ ಬರುವುದಿಲ್ಲ. ಎರಡೂ ಒಂದೇ ಹೆಸರಿನ, ನಡುವೆ 17 ವರ್ಷ ಅಂತರದ ಕಾರುಗಳು. ಅದಕ್ಕೂ ಒಂದು ವರ್ಷ ಮೊದಲು, 2016ರಲ್ಲಿ, ಮೆಕ್ಸಿಕೊದಲ್ಲಿ ಇನ್ನೂ ಹೊಸದಾಗಿ ಮಾರುತ್ತಿದ್ದ ನಿಸ್ಸಾನ್ ಸೂರು ಕಾರನ್ನು ಅದೇ ಕಂಪನಿಯ ವರ್ಸಾಗೆ ಗುದ್ದಿಸಿ ನೋಡಿದರು. ಸೂರುವಿನ ವಿನ್ಯಾಸ 1990ರ ದಶಕದ ಆರಂಭದ್ದು. ಅದರ ಗೂಡು ಕುಸಿದುಬಿತ್ತು. ಮುಂದಿನ ವರ್ಷ ಕಂಪನಿ ಅದರ ತಯಾರಿಕೆ ನಿಲ್ಲಿಸಿತು.

ಹಳೆಯ ಕಾರಿಗೊಂದು ಬೆಲ್ಟ್ ಹಾಕಿಸಿದರೆ ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. ವಿಂಟೇಜ್ ಕಾರುಗಳನ್ನು ಪ್ರೀತಿಯಿಂದ ಸಾಕುವವರು ಹಾಕಿಸಬೇಕು, ಆದಷ್ಟು ಸುರಕ್ಷೆ ಅದರಿಂದ ಸಿಗುತ್ತದೆ. ಆದರೆ ಗೂಡೇ ಕುಸಿದು ಸ್ಟೀರಿಂಗ್ ದಂಡ ಎದೆಯತ್ತ ನುಗ್ಗುವ ಕಾರಿನಲ್ಲಿ ಬೆಲ್ಟ್ ಮನುಷ್ಯನನ್ನು ಕಟ್ಟಿಹಾಕುವುದು ಇಲ್ಲವಾಗುತ್ತಿರುವ ಜಾಗದಲ್ಲಿ. ಭಾರದ ಕಾರೇ ಗೆಲ್ಲುತ್ತದಲ್ಲವೇ ಎಂದರೆ, ಹಗುರ ಕಾರಿಗೆ ಭಾರದ ಕಾರು ಬಡಿದಾಗ ಅದು ನಿಜ. ಮರಕ್ಕೋ ಸೇತುವೆಯ ಕಂಬಕ್ಕೋ ಬಡಿದಾಗ ಭಾರದಿಂದ ಏನೂ ಪ್ರಯೋಜನವಿಲ್ಲ.

ಹೊಸದೆಲ್ಲ ಕ್ಷೇಮವಲ್ಲ

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಹುಟ್ಟಿದ ನಮ್ಮ ಅಂಬಾಸಿಡರ್ 1950ರ ದಶಕದ ಮೈಕಟ್ಟನ್ನೇ ಹೊತ್ತು 2014ರ ಮೇ ತನಕ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಮಂತ್ರಿಗಳಿಂದ ಹಿಡಿದು ಬಾಡಿಗೆ ಟ್ಯಾಕ್ಸಿಯವರೆಗೆ ಎಲ್ಲರ ಸವಾರಿಯಾಗಿದ್ದ ಆ ಕಾರಿನ ಮೇಲಿನ ಅಕ್ಕರೆ ಸಹಜ. ಗುಂಡಿಬಿದ್ದ ರಸ್ತೆಗೆ ಜಗ್ಗದ, ಯಾವ ತಾಲ್ಲೂಕು ಕೇಂದ್ರದಲ್ಲೂ ರಿಪೇರಿಯಾಗುವ ಗುಣಕ್ಕೆ ಅದು ಪಡೆದ ಹೆಸರು ನ್ಯಾಯವಾದದ್ದೇ. ಆ ಹೆಸರು ಡಿಕ್ಕಿಗೂ ಅನ್ವಯಿಸುತ್ತದೆ ಎಂದುಕೊಂಡಲ್ಲಿ ನಾವು ಎಡವಿದೆವು. ಗುಂಡಿಯನ್ನು ತಾಳುವುದು ಬೇರೆ, ಲಾರಿಯನ್ನು ತಾಳುವುದು ಬೇರೆ.

ಹಾಗೆಂದು ಹೊಸ ಕಾರುಗಳೆಲ್ಲ ತಾವಾಗಿಯೇ ಕ್ಷೇಮ ಎಂದರೆ ಇನ್ನೊಂದು ತಪ್ಪಾಗುತ್ತದೆ. ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ 2014ರ ಜನವರಿಯಲ್ಲಿ ಭಾರತದ ಐದು ಜನಪ್ರಿಯ ಸಣ್ಣ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿತು. ಐದಕ್ಕೂ ಸಿಕ್ಕಿದ್ದು ಸೊನ್ನೆ ತಾರೆ. ಅವೆಲ್ಲ ಆಗ ಷೋರೂಮಿನಲ್ಲಿ ಹೊಳೆಯುತ್ತಿದ್ದ ಹೊಚ್ಚಹೊಸ ಕಾರುಗಳು. ನಮ್ಮಲ್ಲೂ ಕಾಯ್ದೆ ಬಂದ ಮೇಲೆಯೇ ಬದಲಾವಣೆ ಬಂದದ್ದು. 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ ಡಿಕ್ಕಿ ಪರೀಕ್ಷೆ, 2019ರ ಜುಲೈನಿಂದ ಚಾಲಕನ ಏರ್‌ಬ್ಯಾಗ್, ಆಮೇಲೆ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯವಾದವು. 2018ರ ಡಿಸೆಂಬರಿನಲ್ಲಿ ಟಾಟಾ ನೆಕ್ಸಾನ್ ಐದು ತಾರೆ ಪಡೆದ ಮೊದಲ ಭಾರತೀಯ ಕಾರಾಯಿತು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಸಿಎಪಿ ಜಾರಿಗೆ ಬಂದಿದೆ. ಅದು ಸ್ವಯಂಪ್ರೇರಿತ ವ್ಯವಸ್ಥೆಯಾದ್ದರಿಂದ ಎಲ್ಲ ಕಾರುಗಳಿಗೂ ಅಂಕಪಟ್ಟಿ ಇಲ್ಲ. ಕಡ್ಡಾಯ ಮಾಡದಿರುವುದು ದೊಡ್ಡ ಲೋಪ.

ಇನ್ನೊಂದು ಮಿತಿಯನ್ನೂ ಹೇಳಲೇಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ದ್ವಿಚಕ್ರ ಸವಾರರು ಮತ್ತು ಪಾದಚಾರಿಗಳು. ಅವರಿಗೆ ಗೂಡಿಲ್ಲ, ಬೆಲ್ಟಿಲ್ಲ. ಕಾರಿನೊಳಗಿನವರ ರಕ್ಷಣೆ ಹೆಚ್ಚಿದಷ್ಟಕ್ಕೇ ರಸ್ತೆ ಎಲ್ಲರಿಗೂ ಕ್ಷೇಮವಾಗುವುದಿಲ್ಲ.

ಬಡಿದು ನೆಟ್ಟಗೆ ಮಾಡಿದ ಗಾಡಿ

ಹಳೆಯ ಕಾರಿನ ಪರ ಇರುವ ಅತ್ಯಂತ ಬಲವಾದ ವಾದ ಖರ್ಚಿನದ್ದು. ಅಂಬಾಸಿಡರ್‌ನ ಮಡ್‌ಗಾರ್ಡ್ ತಗ್ಗಿದರೆ ಟಿಂಕರ್ ಕೆಲಸದವರು ಸುತ್ತಿಗೆ ಹಿಡಿದು ಒಂದು ಮಧ್ಯಾಹ್ನದಲ್ಲಿ ಎಬ್ಬಿಸುತ್ತಿದ್ದರು. ಇಂದಿನ ಕಾರಿನ ಮೂತಿ ಸ್ವಲ್ಪ ತಾಗಿದರೂ ಬಂಪರ್, ಲ್ಯಾಂಪ್, ಸೆನ್ಸರ್ ಸೇರಿ ಬಿಲ್ಲು ಹತ್ತಾರು ಸಾವಿರ ದಾಟುತ್ತದೆ. ಈ ಸಿಟ್ಟು ನ್ಯಾಯವಾದದ್ದು. ಅಗ್ಗವಾಗಿ ಬದಲಿಸಬಹುದಾದ ಬಿಡಿಭಾಗಗಳನ್ನು ಕಂಪನಿಗಳು ವಿನ್ಯಾಸ ಮಾಡಬಲ್ಲವು, ಅದನ್ನು ಗ್ರಾಹಕರು ಕೇಳಬೇಕು. ಆದರೆ ದೊಡ್ಡ ಪೆಟ್ಟಿನ ವಿಷಯವೇ ಬೇರೆ. ಎಂಜಿನ್ನಿನ ಎಡಬಲಕ್ಕೆ ಉದ್ದಕ್ಕೆ ಚಾಚಿರುವ ಎರಡು ಪೆಟ್ಟಿಗೆಯಾಕಾರದ ತೊಲೆಗಳು ಡಿಕ್ಕಿಯಲ್ಲಿ ಮಡಚಿಕೊಳ್ಳುವಂತೆ ಲೆಕ್ಕಹಾಕಿ ಮಾಡಿದವು. ಒಮ್ಮೆ ಮಡಚಿದ ಮೇಲೆ ಅವುಗಳ ಕೆಲಸ ಮುಗಿಯಿತು. ಅವನ್ನು ಕಾಯಿಸಿ, ಎಳೆದು, ಬಡಿದು ನೆಟ್ಟಗೆ ಮಾಡಿ ಬಣ್ಣ ಹೊಡೆದರೆ ಕಣ್ಣಿಗೆ ಹೊಸದರಂತೆ ಕಾಣಬಹುದು. ಎರಡನೇ ಡಿಕ್ಕಿಯಲ್ಲಿ ಅವು ಹೇಗೆ ಮಡಚುತ್ತವೆ ಎಂದು ಯಾರೂ ಭರವಸೆ ಕೊಡಲಾರರು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬಾನೆಟ್ ಎತ್ತಿ ಈ ತೊಲೆಗಳ ಮೇಲಿನ ಸುಕ್ಕು, ಹೊಸ ವೆಲ್ಡಿಂಗ್ ಗುರುತುಗಳನ್ನು ನೋಡಬೇಕು. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಕ್ಷಣಗಳಲ್ಲಿ ಆರುತ್ತದೆಯೇ ಎಂದೂ ಗಮನಿಸಬೇಕು.

ಗಟ್ಟಿ ಕಬ್ಬಿಣವೇ ಕ್ಷೇಮ ಎಂಬ ನಂಬಿಕೆ ಇಂದಿಗೂ ಹಾನಿ ಮಾಡುತ್ತಿರುವ ಜಾಗ ಇನ್ನೊಂದಿದೆ. ಹೊಸ ಕಾರಿನ ಮುಂದೆ ದಪ್ಪ ಪೈಪಿನ ಕ್ರ್ಯಾಷ್ ಗಾರ್ಡ್ ಹಾಕಿಸುವ ರೂಢಿ ನಮ್ಮಲ್ಲಿ ವ್ಯಾಪಕ. ಆ ಪೈಪು ಪೆಟ್ಟನ್ನು ಎಲ್ಲೆಲ್ಲಿಗೋ ರವಾನಿಸಿ ಮೂತಿ ಮಡಚುವ ಕ್ರಮವನ್ನು ಕೆಡಿಸುತ್ತದೆ, ಏರ್‌ಬ್ಯಾಗ್ ಯಾವಾಗ ತೆರೆಯಬೇಕೆಂದು ತೀರ್ಮಾನಿಸುವ ಸೆನ್ಸರನ್ನು ದಾರಿ ತಪ್ಪಿಸಬಹುದು, ಎದುರಿಗೆ ಸಿಕ್ಕ ಪಾದಚಾರಿಯ ಸೊಂಟ ಮುರಿಯುತ್ತದೆ. ಇವುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಆದರೂ ಅಂಗಡಿಗಳಲ್ಲಿ ಅವು ಸಿಗುತ್ತಲೇ ಇವೆ.

ಎಷ್ಟೇ ಒಳ್ಳೆಯ ಗೂಡಿದ್ದರೂ ಬೆಲ್ಟ್ ಹಾಕದವರಿಗೆ ಅದು ಒದಗುವುದಿಲ್ಲ. ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ತೀರಿಕೊಂಡಾಗ ಅವರಿದ್ದದ್ದು ಆಧುನಿಕ, ದುಬಾರಿ ಕಾರಿನಲ್ಲಿ. ಮುಂದೆ ಕೂತ ಇಬ್ಬರು ಬದುಕಿದರು. ಹಿಂದೆ ಬೆಲ್ಟ್ ಹಾಕದೆ ಕೂತಿದ್ದ ಇಬ್ಬರೂ ಉಳಿಯಲಿಲ್ಲ. ಆ ವರ್ಷ ಬೆಲ್ಟ್ ಧರಿಸದೆ ದೇಶದಲ್ಲಿ ಸತ್ತವರು 16,715 ಮಂದಿ. ಅವರಲ್ಲಿ ಸುಮಾರು ಅರ್ಧದಷ್ಟು ಜನ ಚಾಲಕರಲ್ಲ, ಪ್ರಯಾಣಿಕರು. ನಮ್ಮ ಅನೇಕ ಕಾರುಗಳಲ್ಲಿ ಹಿಂದಿನ ಸೀಟಿನ ಬೆಲ್ಟ್ ಕೊಕ್ಕೆಗಳು ಸೀಟ್ ಕವರ್‌ನ ಅಡಿಯಲ್ಲಿ ಹೂತುಹೋಗಿವೆ. ಇವತ್ತೇ ಕವರ್ ಸರಿಸಿ ಅವನ್ನು ಹೊರಗೆ ತೆಗೆಯಿರಿ, ಮುಂದಿನ ಪಯಣದಲ್ಲಿ ಹಿಂದೆ ಕೂರುವವರಿಗೂ ಹಾಕಿಸಿರಿ.